ಲೇಸರ್ 138 ಅನ್ನುತ್ತದೆ, ಕ್ಯಾಡಿ 150 ಅನ್ನುತ್ತಾರೆ: ಯಾರನ್ನು ನಂಬಲಿ?

ಪ್ರಶ್ನೆ: ನನಗೆ 56 ವರ್ಷ. ಬೆಂಗಳೂರಿನಲ್ಲಿ ಎರಡು ವರ್ಷದಿಂದ ಗಾಲ್ಫ್ ಆಡುತ್ತಿದ್ದೇನೆ. ಹ್ಯಾಂಡಿಕ್ಯಾಪ್ 22, ಅಂದರೆ ಸಾಧಾರಣ ಆಟ. ಹುಟ್ಟುಹಬ್ಬಕ್ಕೆ ಮಗಳು ದೂರ ಅಳೆಯುವ ಒಂದು ಲೇಸರ್ ರೇಂಜ್‌ಫೈಂಡರ್ ಕೊಡಿಸಿದಳು. ಅದು ಬಂದ ಮೇಲೆ ಗೊಂದಲ ಜಾಸ್ತಿಯಾಗಿದೆ. ನಾನು ಆಡುವ ಕೋರ್ಸ್‌ನಲ್ಲಿ ಒಂದು ಹೋಲ್‌ನ ಗ್ರೀನ್ (ಕುಳಿ ಇರುವ ನುಣ್ಣನೆಯ ಹುಲ್ಲಿನ ಜಾಗ) ದಿಬ್ಬದ ಮೇಲಿದೆ. ಅಲ್ಲಿ ಗ್ರೀನ್‌ಗೆ 150 ಯಾರ್ಡ್ ಅಂತ ಗುರುತಿಗೆ ನೆಟ್ಟ ಕಂಬದ ಪಕ್ಕದಲ್ಲೇ ನಿಂತು ಕುಳಿಯ ಫ್ಲ್ಯಾಗ್‌ಗೆ ಹಿಡಿದರೆ 138 ಬರುತ್ತದೆ. ಮತ್ತೊಮ್ಮೆ ಒತ್ತಿದರೆ 186. ಏರುತಗ್ಗನ್ನೂ ಲೆಕ್ಕಕ್ಕೆ ತಗೊಳ್ಳುವ ಸ್ಲೋಪ್ ಆನ್ ಮಾಡಿದರೆ 147. (ಪರದೆಯ ಫೋಟೊ ಕಳಿಸಿದ್ದೇನೆ.) ಚೀಲ ಹೊತ್ತು ಸಲಹೆ ಕೊಡುವ ಕ್ಯಾಡಿ ಮಾತ್ರ "ಸಾರ್, ಆ ಮಿಷನ್ ಬಿಡಿ, 150 ಹೊಡೀರಿ" ಅನ್ನುತ್ತಾರೆ. ಅಭ್ಯಾಸದ ರೇಂಜ್‌ನಲ್ಲಿ ನನ್ನ ಏಳು ಐರನ್ (ಏಳನೇ ನಂಬರಿನ ಕ್ಲಬ್) ಸರಿಯಾಗಿ 150 ಹೋಗುತ್ತದೆ. ಆದರೆ ಇಲ್ಲಿ ಅದೇ ಏಳು ಐರನ್ ಹೊಡೆದರೆ ಹತ್ತರಲ್ಲಿ ಏಳು ಸಲ ಗ್ರೀನ್ ಮುಂದಿನ ಮರಳಿನ ಗುಂಡಿಗೇ, ಬಂಕರ್‌ಗೇ ಬೀಳುತ್ತದೆ. ಕಳೆದ ತಿಂಗಳು ಚೆನ್ನೈನಲ್ಲಿ ಆಡಿದಾಗ ಇನ್ನೂ ಗಿಡ್ಡವಾಯಿತು. ಯಂತ್ರ ಕೆಟ್ಟಿದೆಯೇ? ಅದನ್ನು ಮಾರಿ ಜಿಪಿಎಸ್ ವಾಚ್ ತಗೊಳ್ಳಲೇ? ಸ್ಲೋಪ್ ಬಳಸುವುದು ಮೋಸ ಅಂತ ಜೊತೆಗೆ ಆಡುವವರು ರೇಗಿಸುತ್ತಾರೆ, ನಿಜವೇ? ಮುಂದೆ ನಿಂತಿರುವ ಕ್ಯಾಡಿಯ ಕಣ್ಣಿಗೆ ಲೇಸರ್ ಬಿದ್ದರೆ ತೊಂದರೆ ಆಗುತ್ತದೆಯೇ?

ಉತ್ತರ: ಒಂದೇ ಜಾಗ, ಒಂದೇ ಫ್ಲ್ಯಾಗ್, ನಾಲ್ಕು ಅಂಕಿ. ಯಾರಿಗಾದರೂ ತಲೆ ಕೆಡುತ್ತದೆ. ನಿಮ್ಮ ಪತ್ರದಲ್ಲಿದ್ದ ಅಂಕಿಗಳನ್ನು ಒಂದು ಹಾಳೆಯ ಮೇಲೆ ಬರೆದುಕೊಂಡು, ಆ ಹೋಲ್ ಹೇಗಿರಬಹುದು ಅಂತ ಪೆನ್ಸಿಲ್‌ನಲ್ಲಿ ಗೀಚಿ ನೋಡಿದೆ. ಯಂತ್ರ ಕೆಟ್ಟ ಲಕ್ಷಣ ನನಗೆ ಕಾಣಲಿಲ್ಲ. 138, 147, 150, 186 ನಾಲ್ಕೂ ನಿಜ. ನಾಲ್ಕು ಬೇರೆ ಬೇರೆ ಪ್ರಶ್ನೆಗೆ ಬಂದ ಉತ್ತರಗಳು ಅವು. ನನಗೆ ಅನುಮಾನ ಇರುವುದು ನೀವು ಅಳೆಯದೇ ಬಿಟ್ಟ ಐದನೇ ಅಂಕಿಯ ಮೇಲೆ: ರೇಂಜ್‌ನಲ್ಲಿ ಹೋಗುತ್ತದೆ ಅಂದಿರಲ್ಲ, ಆ 150. ಅದಕ್ಕೆ ಆಮೇಲೆ ಬರೋಣ.

ಮೊದಲು ಮಾಡಬೇಕಾದ ಕೆಲಸ ಒಂದಿದೆ. ಇಂಥ ದೂರು ಹೊತ್ತು ಬಂದವರಿಗೆಲ್ಲ ನಾನು ಮೊದಲು ಕೇಳುವುದು, ಯಂತ್ರ ಯಾರ್ಡ್‌ನಲ್ಲಿದೆಯಾ ಮೀಟರ್‌ನಲ್ಲಿದೆಯಾ ಅಂತ. ನಗಬೇಡಿ. ಗುಂಡಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಬದಲಾಗುವ ಮಾದರಿಗಳಿವೆ. ಚೀಲದಲ್ಲಿ ಅದುಮಿ ಹೋದರೂ ಸಾಕು. 138 ಮೀಟರ್ ಅಂದರೆ ಎಷ್ಟು ಗೊತ್ತಾ? 151 ಯಾರ್ಡ್! ನಿಮ್ಮ ಪತ್ರ ಓದಿದ ತಕ್ಷಣ ನನಗೆ ಹೊಳೆದದ್ದೇ ಇದು. ಕಂಬ 150, ಲೇಸರ್ 138, ಇನ್ನೇನು, ಮೀಟರ್‌ನಲ್ಲಿದೆ ಅಂತ ಅರ್ಧ ಉತ್ತರ ಬರೆದೂ ಬಿಟ್ಟಿದ್ದೆ. ಆಮೇಲೆ ಫೋಟೊ ದೊಡ್ಡದು ಮಾಡಿ ನೋಡಿದರೆ ಅಂಕಿಯ ಪಕ್ಕದಲ್ಲಿ ಪುಟ್ಟದಾಗಿ 'ವೈ' ಅಕ್ಷರ ಕಂಡಿತು. ಹಾಗಾಗಿ ನಿಮ್ಮದು ಯಾರ್ಡ್‌ನಲ್ಲೇ ಇದೆ. ಈ ಉತ್ತರ ಓದುತ್ತಿರುವ ಬೇರೆಯವರು ಮಾತ್ರ ಇವತ್ತೇ ಒಮ್ಮೆ ನೋಡಿಕೊಳ್ಳಿ. ಅಲ್ಲಿ 'ಎಂ' ಇದ್ದರೆ 150ಕ್ಕೆ 14 ಯಾರ್ಡ್ ತಪ್ಪುತ್ತದೆ. ಒಂದು ಕ್ಲಬ್ ಬದಲಿಸಿದರೆ ಆಗುವ ವ್ಯತ್ಯಾಸಕ್ಕಿಂತ ಜಾಸ್ತಿ.

ಸರಿ, ಮೀಟರ್ ಅಲ್ಲದಿದ್ದರೆ 138 ಎಲ್ಲಿಂದ ಬಂತು?

ಕಂಬ ಅಳೆಯುವುದು ಗ್ರೀನ್‌ನ ಮಧ್ಯಕ್ಕೆ. ಬಹುತೇಕ ಕೋರ್ಸ್‌ಗಳಲ್ಲಿ ಇದೇ ರೂಢಿ. (ಗ್ರೀನ್‌ನ ಮುಂಚಿನ ಅಂಚಿಗೆ ಅಳೆಯುವ ಕಡೆಯೂ ಇವೆ. ನಿಮ್ಮಲ್ಲಿ ಹೇಗೆ ಅಂತ ಆಟ ಶುರು ಮಾಡಿಸುವ ಸ್ಟಾರ್ಟರ್ ಹತ್ತಿರ ಕೇಳಿ.) ಆದರೆ ಚೆಂಡು ಬೀಳಬೇಕಾದ ಕುಳಿ ಅಲ್ಲೇ ಇರುವುದಿಲ್ಲ. ಗ್ರೀನ್ ನೋಡಿಕೊಳ್ಳುವವರು ಬೆಳಗ್ಗೆ ಬಂದು ಅದನ್ನು ಬೇರೆ ಕಡೆ ಕೊರೆಯುತ್ತಾರೆ. ಗ್ರೀನ್ 34 ಯಾರ್ಡ್ ಉದ್ದ ಇದ್ದರೆ, ಮಧ್ಯಕ್ಕೆ 150 ಇರುವ ಕಡೆಯಿಂದ ಮುಂಚಿನ ಅಂಚು 133, ಹಿಂದಿನ ಅಂಚು 167. ನೀವು ಹಿಡಿದ ದಿನ ಪಿನ್, ಅಂದರೆ ಫ್ಲ್ಯಾಗ್ ಕೋಲು, ಮುಂದಿನ ಅಂಚಿನಿಂದ ನಾಲ್ಕೈದು ಹೆಜ್ಜೆ ಒಳಗೆ ಇದ್ದಿರಬೇಕು. ಅಲ್ಲಿಗೆ 138 ಸರಿಹೋಯಿತು. ಕೆಲವು ಕೋರ್ಸ್‌ಗಳಲ್ಲಿ ಫ್ಲ್ಯಾಗ್ ಬಣ್ಣದಲ್ಲೇ ಇದನ್ನು ಹೇಳುತ್ತಾರೆ: ಕೆಂಪು ಮುಂದೆ, ಬಿಳಿ ಮಧ್ಯ, ನೀಲಿ ಹಿಂದೆ. ನಿಮ್ಮಲ್ಲಿ ಆ ಪದ್ಧತಿ ಇದ್ದರೆ ಬಣ್ಣವನ್ನೂ ಅಂಕಿಯನ್ನೂ ತಾಳೆ ನೋಡಬಹುದು.

ಇನ್ನು 186. ಇದು ಅರ್ಥವಾಗಬೇಕಾದರೆ ಯಂತ್ರದೊಳಗೆ ಏನು ನಡೆಯುತ್ತದೆ ಅಂತ ಸ್ವಲ್ಪ ತಿಳಿದಿರಬೇಕು. ಗುಂಡಿ ಒತ್ತಿದಾಗ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನ ಚಿಕ್ಕ ಚಿಕ್ಕ ಮಿಡಿತಗಳು ಹೊರಗೆ ಹೋಗುತ್ತವೆ. ಎದುರಿನ ವಸ್ತುವಿಗೆ ಬಡಿದು ಒಂದಿಷ್ಟು ಬೆಳಕು ವಾಪಸ್ ಬರುತ್ತದೆ. ಹೋಗಿ ಬರಲು ಹಿಡಿದ ಸಮಯವನ್ನು ಯಂತ್ರ ಅಳೆಯುತ್ತದೆ, ಅಷ್ಟೇ. 150 ಯಾರ್ಡ್ ಹೋಗಿ ಬರಲು ಬೆಳಕಿಗೆ ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ಕೂಡ ಬೇಡ. ಇಷ್ಟು ಚಿಕ್ಕ ಸಮಯವನ್ನು ಅಳೆದು ಒಂದು ಯಾರ್ಡ್ ಆಚೀಚೆಯಲ್ಲಿ ಉತ್ತರ ಕೊಡುತ್ತದೆ ಅಂದರೆ ನಿಜಕ್ಕೂ ಮೆಚ್ಚಬೇಕು. ಅಳತೆಯ ವಿಷಯದಲ್ಲಿ ಅದು ತಪ್ಪು ಮಾಡುವುದು ಅಪರೂಪ. ಆದರೆ ಯಾವುದನ್ನು ಅಳೆದೆ ಅಂತ ಅದು ಹೇಳುವುದಿಲ್ಲ.

ಲೇಸರ್ ಅಂದರೆ ಸೂಜಿಯಂತೆ ಸಣ್ಣಗೆ ಹೋಗುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗಿಲ್ಲ. ಟಾರ್ಚ್ ಬೆಳಕಿನಂತೆ ಅದೂ ಹರಡುತ್ತದೆ, ತುಂಬಾ ಕಡಿಮೆ ಪ್ರಮಾಣದಲ್ಲಿ. 150 ಯಾರ್ಡ್ ದೂರ ತಲುಪುವ ಹೊತ್ತಿಗೆ ಆ ಬೆಳಕಿನ ಮಚ್ಚೆ ಅಂಗೈಗಿಂತ ಅಗಲವಾಗಿರುತ್ತದೆ. ಫ್ಲ್ಯಾಗ್ ಕೋಲು ಹೆಬ್ಬೆರಳಿನಷ್ಟು ದಪ್ಪ. ಕೋಲಿಗೆ ಬಡಿದದ್ದು ಸ್ವಲ್ಪ, ಪಕ್ಕದಿಂದ ಜಾರಿ ಹಿಂದಿನ ಮರಗಳಿಗೆ ಹೋದದ್ದೇ ಹೆಚ್ಚು. ನಿಮ್ಮ ಗ್ರೀನ್ ಹಿಂದೆ ಸಿಲ್ವರ್ ಓಕ್ ಸಾಲೋ ನೀಲಗಿರಿ ಸಾಲೋ ಇರಬೇಕಲ್ವಾ? 186 ಆ ಮರಗಳ ದೂರ. ನಿಮ್ಮ ಕೈ ಒಂದು ಕೂದಲೆಳೆಯಷ್ಟು ಅಲುಗಿತು, ಯಂತ್ರ ಮರವನ್ನು ಓದಿತು.

ಇದನ್ನು ತಪ್ಪಿಸಲು ಗಾಲ್ಫ್‌ಗೆಂದೇ ಮಾಡಿದ ಯಂತ್ರಗಳಲ್ಲಿ ಪಿನ್ ಹಿಡಿಯುವ ಮೋಡ್ ಇರುತ್ತದೆ. ಎರಡು ವಸ್ತುಗಳಿಂದ ಬೆಳಕು ವಾಪಸ್ ಬಂದರೆ ಹತ್ತಿರದ್ದನ್ನು ಆರಿಸು ಅನ್ನುವ ಲೆಕ್ಕ ಅದು. ಸಿಕ್ಕಾಗ ಕೈಯಲ್ಲಿ ಒಮ್ಮೆ ಗುರ್ ಅಂತ ನಡುಗುತ್ತದೆ. ಬೇಟೆಗೆ ಬಳಸುವ ಯಂತ್ರಗಳಲ್ಲಿ ಇದಕ್ಕೆ ಉಲ್ಟಾ ಮೋಡ್ ಇರುತ್ತದೆ. ಮುಂದಿನ ಪೊದೆ ಬಿಟ್ಟು ಹಿಂದಿನ ಪ್ರಾಣಿಯನ್ನು ಹಿಡಿಯಬೇಕಲ್ಲ! ಎರಡೂ ಇರುವ ಮಾದರಿ ನಿಮ್ಮದಾಗಿದ್ದರೆ ಯಾವುದು ಆನ್ ಆಗಿದೆ ಅಂತ ನೋಡಿ. ನಡುಗಿತು ಅಂದ ಮಾತ್ರಕ್ಕೆ ಪಿನ್ನೇ ಸಿಕ್ಕಿತು ಅಂತಲೂ ಅಲ್ಲ. ಹತ್ತಿರದ ಕೊಂಬೆಯನ್ನು ಹಿಡಿದು ಖುಷಿಯಿಂದ ನಡುಗಿದ್ದನ್ನೂ ನೋಡಿದ್ದೇನೆ.

ಹಿಡಿಯುವ ರೀತಿಯೂ ಮುಖ್ಯ. ಒಂದೇ ಕೈಯಲ್ಲಿ ಫೋನ್ ಹಿಡಿದ ಹಾಗೆ ಹಿಡಿಯಬೇಡಿ. ಎರಡು ಕೈ, ಮೊಣಕೈಗಳು ಪಕ್ಕೆಗೆ ಒತ್ತಿರಲಿ, ಉಸಿರು ಅರ್ಧ ಬಿಟ್ಟು ನಿಲ್ಲಿಸಿ. ಟೋಪಿಯ ಅಂಚನ್ನು ಬೆರಳಿನಿಂದ ಯಂತ್ರಕ್ಕೆ ಒತ್ತಿ ಹಿಡಿದರೆ ನಡುಕ ಅರ್ಧ ಕಡಿಮೆಯಾಗುತ್ತದೆ. ಗುಂಡಿ ಒತ್ತಿಯೇ ಇಟ್ಟು ಕೋಲಿನ ಎಡದಿಂದ ಬಲಕ್ಕೆ ನಿಧಾನವಾಗಿ ಹಾಯಿಸಿ. 186, 186, 138, 186 ಅಂತ ಬಂದರೆ ಪಿನ್ ಯಾವುದು ಅಂತ ಹೇಳಬೇಕಾಗಿಲ್ಲ. ಬಟ್ಟೆಗೆ ಗುರಿ ಇಡುವುದಕ್ಕಿಂತ ಕೋಲಿಗೇ ಇಡಿ. ಗಾಳಿಗೆ ಬಟ್ಟೆ ಒಮ್ಮೆ ಅಗಲ, ಒಮ್ಮೆ ಗೆರೆ. ಕೋಲಿನ ತುದಿಯಲ್ಲಿ ಗಾಜಿನ ಮಣಿಯಂಥದ್ದು ಕೂರಿಸಿದ್ದರೆ ನೀವು ಅದೃಷ್ಟವಂತರು. ಅದು ಪ್ರಿಸಂ, ಬಂದ ಬೆಳಕನ್ನು ಬಂದ ದಿಕ್ಕಿಗೇ ವಾಪಸ್ ಕಳಿಸುತ್ತದೆ.

ಈಗ ಕ್ಯಾಡಿಯ 150. ನಿಮ್ಮ ಪತ್ರದಲ್ಲಿ ನನಗೆ ತುಂಬ ಇಷ್ಟವಾದ ಅಂಕಿ ಇದು. ಅವರು ಕಂಬ ನೋಡಿ 150 ಅಂದರು ಅಂತ ನೀವು ತಿಳಿದಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ಅವರ ಮಾತನ್ನು ಮತ್ತೊಮ್ಮೆ ಓದಿ: "150 ಹೊಡೀರಿ". "150 ಇದೆ" ಅಂದಿಲ್ಲ. ಪಿನ್ ಮುಂದಿದೆ ಅಂತ ಅವರಿಗೆ ಗೊತ್ತು. ದಿಬ್ಬ ಇದೆ ಅಂತಲೂ ಗೊತ್ತು. ಕಳೆದು ಕೂಡಿ, ಒಂದು ಚೂರು ಜಾಸ್ತಿಯೇ ಇರಲಿ ಅಂತ 150 ಅಂದಿದ್ದಾರೆ. ನಿಮ್ಮ ಸ್ಲೋಪ್ ಹೇಳಿದ್ದು 147. ಮೂರು ಯಾರ್ಡ್ ವ್ಯತ್ಯಾಸ. ಹ್ಯಾಂಡಿಕ್ಯಾಪ್ 22ರ ಆಟಕ್ಕೆ ಇವೆರಡೂ ಒಂದೇ ಅಂಕಿ. ನಿಮ್ಮ ಯಂತ್ರವೂ ಕ್ಯಾಡಿಯೂ ಜಗಳವನ್ನೇ ಆಡಿಲ್ಲ, ಪಾಪ.

ಸ್ಲೋಪ್ ಲೆಕ್ಕದ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಇಂಜಿನಿಯರ್ ಸ್ನೇಹಿತರು ಹೇಳುತ್ತಿರುತ್ತಾರೆ: ಲೇಸರ್ ಓರೆ ದೂರ ಅಳೆಯುತ್ತದೆ, ಸ್ಲೋಪ್ ಅದನ್ನು ನೆಲದ ಮಟ್ಟದ ದೂರಕ್ಕೆ ಬದಲಾಯಿಸುತ್ತದೆ, ತ್ರಿಕೋನದ ಲೆಕ್ಕ ಅಂತ. ಮಾಡಿ ನೋಡಿ. ಓರೆ ದೂರ 138, ಎತ್ತರ 9 ಯಾರ್ಡ್ ಅಂತಿಟ್ಟುಕೊಂಡರೆ ನೆಲದ ದೂರ 137.7. ಒಂದು ಅಡಿಯೂ ವ್ಯತ್ಯಾಸ ಇಲ್ಲ! ಹಾಗಾದರೆ 147 ಹೇಗೆ ಬಂತು? ಚೆಂಡು ಇಳಿಯುವ ಕೋನದಿಂದ. ಮಧ್ಯದ ಐರನ್‌ಗಳಲ್ಲಿ ಚೆಂಡು ಹೆಚ್ಚುಕಡಿಮೆ 45 ಡಿಗ್ರಿಯಲ್ಲಿ ಇಳಿಯುತ್ತದೆ. ನೆಲ ಒಂದು ಯಾರ್ಡ್ ಎತ್ತರಕ್ಕಿದ್ದರೆ ಚೆಂಡು ಒಂದು ಯಾರ್ಡ್ ಮುಂಚೆಯೇ ನೆಲ ಮುಟ್ಟಿಬಿಡುತ್ತದೆ. ಹಾಗಾಗಿ ಎತ್ತರ ಎಷ್ಟು ಯಾರ್ಡೋ ಅಷ್ಟನ್ನು ಸೇರಿಸಬೇಕು, ತಗ್ಗಿದ್ದರೆ ಕಳೆಯಬೇಕು. ಚಪ್ಪಟೆಯಾಗಿ ಹಾರುವ ಉದ್ದ ಕ್ಲಬ್‌ಗಳಿಗೆ ಇದಕ್ಕಿಂತ ಸ್ವಲ್ಪ ಜಾಸ್ತಿ, ನೆಟ್ಟಗೆ ಬೀಳುವ ವೆಜ್‌ಗಳಿಗೆ ಸ್ವಲ್ಪ ಕಡಿಮೆ. ನಿಮ್ಮ 138 ಮತ್ತು 147ರ ನಡುವೆ 9 ಇದೆ ಅಂದರೆ ಗ್ರೀನ್ ನಿಮಗಿಂತ ಸುಮಾರು 27 ಅಡಿ ಮೇಲಿದೆ. ಎರಡೂವರೆ ಮಹಡಿ ಎತ್ತರ. ಉದ್ದಕ್ಕೆ ಹರಡಿಕೊಂಡಿರುವುದರಿಂದ ಕಣ್ಣಿಗೆ ಸುಮ್ನೆ ದಿಬ್ಬ ಅನ್ನಿಸುತ್ತದೆ.

ಒಂದು ಹಳೆಯ ಕಥೆ ಹೇಳಿಬಿಡುತ್ತೇನೆ. ನಾನು ಹುಡುಗನಾಗಿದ್ದಾಗ ಒಂದು ಕೋರ್ಸ್‌ಗೆ ಯಾರ್ಡೇಜ್ ಪುಸ್ತಕ, ಅಂದರೆ ಎಲ್ಲಿಂದ ಎಲ್ಲಿಗೆ ಎಷ್ಟು ದೂರ ಅಂತ ಬರೆದ ಪುಸ್ತಕ, ಮಾಡುವ ಕೆಲಸಕ್ಕೆ ಹೋಗಿದ್ದೆ. ಲೇಸರ್ ಎಲ್ಲಿಂದ ಬರಬೇಕು, ಕೈಯಲ್ಲಿ ಉರುಳಿಸುವ ಅಳತೆ ಚಕ್ರ. ಒಂದು ಸ್ಪ್ರಿಂಕ್ಲರ್ ಪಕ್ಕದಿಂದ ಗ್ರೀನ್ ಮಧ್ಯಕ್ಕೆ ಚಕ್ರ 166 ತೋರಿಸಿತು. ಜೊತೆಗಿದ್ದ ಹಿರಿಯ ಕ್ಯಾಡಿ "163 ಬರಕೋ" ಅಂದರು. ನಾನು ಕೇಳಲಿಲ್ಲ, ಚಕ್ರ ಸುಳ್ಳು ಹೇಳುತ್ತದೆಯೇ? ಹತ್ತು ವರ್ಷ ಆದಮೇಲೆ ಅದೇ ಜಾಗದಲ್ಲಿ ಲೇಸರ್ ಹಿಡಿದೆ. 162. ಚಕ್ರ ಉಬ್ಬು ತಗ್ಗುಗಳನ್ನೆಲ್ಲ ಹತ್ತಿ ಇಳಿದು ಎಣಿಸಿತ್ತು. ಚೆಂಡು ಹಾಗೆ ಹೋಗುವುದಿಲ್ಲವಲ್ಲ. ಅಂದಿನಿಂದ ಕ್ಯಾಡಿಯ ಅಂಕಿಯನ್ನು ನಾನು ತಳ್ಳಿಹಾಕುವುದಿಲ್ಲ. ಅದು ಹೇಗೆ ಬಂತು ಅಂತ ಕೇಳುತ್ತೇನೆ.

ನಿಮ್ಮ ಏಳು ಐರನ್

ಈಗ ಆ ಐದನೇ ಅಂಕಿ. ಸ್ವಲ್ಪ ಕಹಿ ಇದೆ, ಕ್ಷಮಿಸಿ.

"ನನ್ನ ಏಳು ಐರನ್ 150" ಅಂತ ನನ್ನ ಹತ್ತಿರ ಬಂದವರಲ್ಲಿ ನಿಜವಾಗಿ 150 ಹೊಡೆಯುವವರು ಕಡಿಮೆ. ಅವರು ಸುಳ್ಳು ಹೇಳುತ್ತಾರೆ ಅಂತಲ್ಲ. ಮನಸ್ಸು ಒಳ್ಳೆಯ ಹೊಡೆತವನ್ನೇ ನೆನಪಿಟ್ಟುಕೊಳ್ಳುತ್ತದೆ. ರೇಂಜ್‌ನಲ್ಲಿ ಚೆಂಡು 150ರ ಬೋರ್ಡ್ ಹತ್ತಿರ ಹೋಗಿ ನಿಂತಿದ್ದನ್ನು ನೋಡಿರುತ್ತೀರಿ. ಅದರಲ್ಲಿ ಗಾಳಿಯಲ್ಲಿ ಹೋದದ್ದೆಷ್ಟು, ಗಟ್ಟಿ ನೆಲದ ಮೇಲೆ ಉರುಳಿದ್ದೆಷ್ಟು? ದಿಬ್ಬದ ಮೇಲಿನ ಗ್ರೀನ್ ಮುಂದೆ ಬಂಕರ್ ಇದ್ದರೆ ಉರುಳುವ ಮಾತೇ ಇಲ್ಲ. ಗಾಳಿಯಲ್ಲಿ ಹೋದದ್ದು, ಅಂದರೆ ಕ್ಯಾರಿ, ಅದೊಂದೇ ಲೆಕ್ಕಕ್ಕೆ. ಇದರ ಜೊತೆಗೆ ಮ್ಯಾಟ್. ಚೆಂಡಿನ ಹಿಂದೆ ಒಂದಿಂಚು ಬಡಿದರೂ ಮ್ಯಾಟ್ ಮೇಲೆ ಕ್ಲಬ್ ಜಾರಿಕೊಂಡು ಹೋಗಿ ಚೆಂಡಿಗೆ ತಾಗುತ್ತದೆ. ಕೋರ್ಸ್‌ನ ಹುಲ್ಲಿನ ಮೇಲೆ (ಫೇರ್‌ವೇನಲ್ಲಿ) ಅದೇ ತಪ್ಪಿಗೆ ಹದಿನೈದು ಯಾರ್ಡ್ ದಂಡ ಬೀಳುತ್ತದೆ. ರೇಂಜ್ ಬೋರ್ಡ್‌ಗಳೂ ಯಾವ ಬೇಯಿಂದ (ನಿಂತು ಹೊಡೆಯುವ ಜಾಗದಿಂದ) ಅಳೆದು ನೆಟ್ಟದ್ದೋ. ನಿಮ್ಮ ಲೇಸರ್ ಇದೆಯಲ್ಲ, ಮೊದಲು ಆ ಬೋರ್ಡ್‌ಗೇ ಹಿಡಿದು ನೋಡಿ. ನನಗೆ ಗೊತ್ತಿರುವ ಒಂದು ರೇಂಜ್‌ನಲ್ಲಿ 150ರ ಬೋರ್ಡ್ ಕೊನೆಯ ಬೇಯಿಂದ 139 ಬಂತು. ಅಲ್ಲಿ ಅಭ್ಯಾಸ ಮಾಡುವವರೆಲ್ಲ ಬಲಶಾಲಿಗಳು!

ಮಾಡಬೇಕಾದದ್ದು ಇಷ್ಟು. ಗಾಳಿ ಇಲ್ಲದ ಬೆಳಗ್ಗೆ, ಸಾಧ್ಯವಾದರೆ ಹುಲ್ಲಿನ ಮೇಲಿಂದ, ಏಳು ಐರನ್‌ನಲ್ಲಿ 20 ಚೆಂಡು ಹೊಡೆಯಿರಿ. ಪ್ರತಿಯೊಂದೂ ಮೊದಲು ನೆಲ ಮುಟ್ಟಿದ ಜಾಗವನ್ನು ಗಮನಿಸಿ, ಹತ್ತಿರದ ಬೋರ್ಡ್‌ಗೆ ಲೇಸರ್ ಹಿಡಿದು ಅಂದಾಜು ಬರೆದುಕೊಳ್ಳಿ. ತೀರಾ ಕೆಟ್ಟ ಮೂರು, ತೀರಾ ಚೆನ್ನಾಗಿ ಹೋದ ಮೂರು ಬಿಟ್ಟುಬಿಡಿ. ಉಳಿದ 14ರ ಸರಾಸರಿ ನಿಮ್ಮ ಕ್ಯಾರಿ. ಜೊತೆಗೆ ಇನ್ನೊಂದು ಅಂಕಿ ಬರೆಯಿರಿ: ಸರಾಸರಿಗಿಂತ ಸಾಮಾನ್ಯವಾಗಿ ಎಷ್ಟು ಗಿಡ್ಡ ಬೀಳುತ್ತದೆ? ಚೆಂಡಿನ ಹಾರಾಟ ಅಳೆಯುವ ಲಾಂಚ್ ಮಾನಿಟರ್ ಇರುವ ಕಡೆ ಒಂದು ಗಂಟೆ ಕಳೆದರೆ ಕೆಲಸ ಇನ್ನೂ ಸುಲಭ. ಆದರೆ ರೇಂಜ್ ಚೆಂಡುಗಳು ಹಳೆಯವಾದರೆ ಅಲ್ಲೂ ಅಂಕಿ ಸ್ವಲ್ಪ ಕಡಿಮೆ ಬರುತ್ತದೆ, ನೆನಪಿರಲಿ.

ನಿಮ್ಮ ವಯಸ್ಸು, ಹ್ಯಾಂಡಿಕ್ಯಾಪ್ ನೋಡಿದರೆ ಸರಾಸರಿ 132ರ ಸುತ್ತ ಬರಬಹುದು ಅಂತ ನನ್ನ ಊಹೆ. ಅದನ್ನೇ ಇಟ್ಟುಕೊಂಡು ನಿಮ್ಮ ಹೋಲ್‌ಗೆ ವಾಪಸ್ ಹೋಗೋಣ. ಪಿನ್‌ಗೆ ಹಿಡಿದಿರಿ, 138. ಈಗ ಎರಡನೇ ಸಲ ಬಂಕರ್‌ನ ಗ್ರೀನ್ ಕಡೆಯ ಅಂಚಿಗೆ ಹಿಡಿಯಿರಿ. 129 ಅಂತ ಬಂತು ಅನ್ನಿ. ಅದೂ ದಿಬ್ಬದ ಮೇಲೇ ಇರುವುದರಿಂದ ಎಂಟು ಸೇರಿಸಿ, 137. ಅಂದರೆ ಬಂಕರ್ ದಾಟಲಿಕ್ಕೇ 137 ಕ್ಯಾರಿ ಬೇಕು. ನಿಮ್ಮ ಏಳು ಐರನ್ 132. ಹತ್ತರಲ್ಲಿ ಏಳು ಸಲ ಬಂಕರ್ ಅಂದಿರಿ, ನನಗೆ ಆಶ್ಚರ್ಯ ಉಳಿದ ಮೂರರದ್ದು!

ಆರು ಐರನ್ 142 ಹೋದರೆ ಬಂಕರ್ ದಾಟಿ ಗ್ರೀನ್‌ನ ಮುಂಚಿನ ಅಂಚಿಗೆ ಬೀಳುತ್ತದೆ. ಚೆನ್ನಾಗಿ ತಾಗಿದರೆ ಮಾತ್ರ. ಐದು ಐರನ್ ಬದಲು ಹೊಡೆಯಲು ಸುಲಭವಾದ ಹೈಬ್ರಿಡ್ ಕ್ಲಬ್ ಇಟ್ಟುಕೊಂಡಿದ್ದೀರಿ ಅಂದುಕೊಳ್ಳುತ್ತೇನೆ. ಅದು 150 ಹೋದರೆ, ದಿಬ್ಬ ಸೇರಿ 147ರ ಪಿನ್ ಹಿಂದೆ ಮೂರು ಯಾರ್ಡ್. ಹತ್ತು ಯಾರ್ಡ್ ಗಿಡ್ಡವಾದರೂ ಬಂಕರ್ ದಾಟಿರುತ್ತದೆ. ತುಂಬಾ ಚೆನ್ನಾಗಿ ಹೋಗಿ 160 ಆದರೂ ಗ್ರೀನ್ ಮಧ್ಯ. ಹಿಂದೆ ಇನ್ನೂ ಜಾಗ ಇದೆ. ನಾನಾದರೆ ನಿಮಗೆ ಹೈಬ್ರಿಡ್ಡೇ ಕೊಡುತ್ತೇನೆ. ನೀವು ಏಳು ಹಿಡಿದುಕೊಂಡಿದ್ದಿರಿ, ಎರಡು ಕ್ಲಬ್ ಕಡಿಮೆ. ಒಂದು ಎಚ್ಚರಿಕೆ ಮಾತ್ರ: ಪಿನ್ ದಾಟಿ ನಿಂತರೆ ವಾಪಸ್ ಇಳಿಜಾರಿನ ಪಟ್ (ಗ್ರೀನ್ ಮೇಲೆ ಉರುಳಿಸುವ ಹೊಡೆತ) ಸಿಗಬಹುದು, ಮೂರು ಪಟ್ ಆಗಬಹುದು. ಬಂಕರ್‌ನಿಂದ ಎರಡು ಹೊಡೆತದಲ್ಲಿ ಹೊರಗೆ ಬರುವುದಕ್ಕಿಂತ ಅದು ಮೇಲು ಅಂತ ನನ್ನ ಲೆಕ್ಕ.

ಗಮನಿಸಿದಿರಾ, ಪಿನ್‌ನ 138 ಇಲ್ಲಿ ಹೆಚ್ಚೇನೂ ಕೆಲಸಕ್ಕೆ ಬರಲಿಲ್ಲ. ಬಂಕರ್ ಅಂಚಿನ 129 ಬಂತು. ಹೊಸದಾಗಿ ಲೇಸರ್ ತಗೊಂಡವರು ಎಲ್ಲಕ್ಕೂ ಮೊದಲು ಪಿನ್‌ಗೆ ಹಿಡಿಯುತ್ತಾರೆ, ಆಮೇಲೆ ಪಿನ್‌ಗೇ ಹೊಡೆಯುತ್ತಾರೆ. ನಮ್ಮಂಥವರಿಗೆ ಅದು ದುಬಾರಿ. 2021ರ ಪಿಜಿಎ ಚಾಂಪಿಯನ್‌ಶಿಪ್ ನೆನಪಿರಬಹುದು, ಕಿಯಾವಾ ಐಲ್ಯಾಂಡ್‌ನಲ್ಲಿ 50ರ ವಯಸ್ಸಿನ ಫಿಲ್ ಮಿಕೆಲ್ಸನ್ ಗೆದ್ದದ್ದು. ಪುರುಷರ ಮೇಜರ್ ಟೂರ್ನಿಯಲ್ಲಿ ದೂರ ಅಳೆಯುವ ಯಂತ್ರಕ್ಕೆ ಮೊದಲು ಅವಕಾಶ ಕೊಟ್ಟದ್ದು ಅಲ್ಲೇ. ಹಾಗಂತ ಕ್ಯಾಡಿಗಳು ಯಾರ್ಡೇಜ್ ಪುಸ್ತಕ ಮನೆಯಲ್ಲಿ ಬಿಟ್ಟು ಬರಲಿಲ್ಲ. ಮುಂಚಿನ ಅಂಚು ಎಷ್ಟು, ಹಿಂದೆ ಎಷ್ಟು ಜಾಗ ಅನ್ನುವುದು ಅದರಲ್ಲೇ ಇರುವುದು. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾಗಿ ಬಂದದ್ದು ದೂರ ಹೊಡೆದು ಅಲ್ಲ. ಆ ಗುಂಪಿನಲ್ಲಿ ಕಡಿಮೆ ದೂರ ಹೊಡೆಯುವವರಲ್ಲಿ ಅವರೂ ಒಬ್ಬರು.

ಚೆನ್ನೈ ವಿಷಯ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ಗಾಳಿ ತೆಳು, ಚೆಂಡಿಗೆ ತಡೆ ಕಡಿಮೆ, ಸುಮಾರು ಶೇ 3ರಿಂದ 4ರಷ್ಟು ಜಾಸ್ತಿ ಹೋಗುತ್ತದೆ. ಸಮುದ್ರದ ಪಕ್ಕದ ಚೆನ್ನೈನಲ್ಲೋ ಮಂಗಳೂರಿನಲ್ಲೋ ಆಡಿದರೆ ಆ ಲಾಭ ಹೋಯಿತು. 150ಕ್ಕೆ ಐದು ಯಾರ್ಡ್. 2,200 ಮೀಟರ್ ಮೇಲಿರುವ ಊಟಿಗೆ ಹೋಗಿ ಆಡಿ, ಇಲ್ಲಿಗಿಂತ ಅರ್ಧ ಕ್ಲಬ್ ಜಾಸ್ತಿ ಹೋಗಿ ಹೀರೋ ಆಗುತ್ತೀರಿ. ಚೆನ್ನೈನಲ್ಲಿ ಗಾಳಿ ತೇವ, ಭಾರ, ಅದಕ್ಕೇ ಗಿಡ್ಡ ಬೀಳುತ್ತದೆ ಅಂತ ನಿಮ್ಮ ಸ್ನೇಹಿತರು ಹೇಳಿರಬಹುದು. ಅದು ಉಲ್ಟಾ. ನೀರಿನ ಆವಿ ಒಣ ಗಾಳಿಗಿಂತ ಹಗುರ, ತೇವದ ಗಾಳಿ ಒಂದು ಚೂರು ಹಗುರವೇ ಇರುತ್ತದೆ. ಅಲ್ಲಿ ನಿಮ್ಮನ್ನು ಹಿಡಿದದ್ದು ಎತ್ತರ ಮತ್ತು ಬಹುಶಃ ಮಧ್ಯಾಹ್ನದ ಕಡಲ ಗಾಳಿ. ಎದುರು ಗಾಳಿ ಗಂಟೆಗೆ 16 ಕಿಲೋಮೀಟರ್ ಇದ್ದರೆ 150ರ ಹೊಡೆತ 165ರಂತೆ ಆಡುತ್ತದೆ. ಅದೇ ಗಾಳಿ ಹಿಂದಿನಿಂದ ಬಂದರೆ ಸಿಗುವುದು ಅದರ ಅರ್ಧ ಮಾತ್ರ. ಇದು ಕೋಚ್‌ಗಳು ಬಳಸುವ ಅಂದಾಜಿನ ಲೆಕ್ಕ. ನಿಮ್ಮ ಲೇಸರ್ ಇದರಲ್ಲಿ ಏನೂ ಹೇಳಲಾರದು.

ಸ್ಲೋಪ್ ಮೋಸವೇ?

ನೀವು ಯಾವ ಆಟ ಆಡುತ್ತಿದ್ದೀರಿ ಅನ್ನುವುದರ ಮೇಲೆ ಹೋಗುತ್ತದೆ. ಮೊದಲೆಲ್ಲ ಕ್ಲಬ್‌ನವರು ವಿಶೇಷವಾಗಿ ಅನುಮತಿ ಕೊಟ್ಟರೆ ಮಾತ್ರ ದೂರ ಅಳೆಯುವ ಯಂತ್ರ ಬಳಸಬಹುದಿತ್ತು. 2019ರ ಹೊಸ ನಿಯಮ ಅದನ್ನು ತಿರುಗಿಸಿತು. ಈಗ ಅನುಮತಿ ಇದ್ದೇ ಇದೆ. ಬೇಡ ಅಂದರೆ ಕ್ಲಬ್ಬೇ ಸ್ಥಳೀಯ ನಿಯಮ ಹಾಕಿ ತಡೆಯಬೇಕು. ನಿಯಮ 4.3 ದೂರ ಮತ್ತು ದಿಕ್ಕು ಅಳೆಯಲು ಬಿಡುತ್ತದೆ. ಎತ್ತರದ ವ್ಯತ್ಯಾಸ ಅಳೆಯಲು, ಕೋರ್ಸ್‌ನಲ್ಲಿ ಗಾಳಿಯ ವೇಗ ಅಳೆಯಲು ಬಿಡುವುದಿಲ್ಲ. ಸ್ಲೋಪ್ ಇರುವ ಯಂತ್ರ ಚೀಲದಲ್ಲಿದ್ದರೆ ತಪ್ಪಿಲ್ಲ, ಅದನ್ನು ಆಫ್ ಮಾಡಿರಬೇಕು. ಟೂರ್ನಿಯಲ್ಲಿ ಒಮ್ಮೆ ಬಳಸಿ ಸಿಕ್ಕಿಬಿದ್ದರೆ ಸ್ಟ್ರೋಕ್ ಪ್ಲೇನಲ್ಲಿ (ಒಟ್ಟು ಹೊಡೆತ ಎಣಿಸುವ ಆಟದಲ್ಲಿ) ಎರಡು ಸ್ಟ್ರೋಕ್ ದಂಡ. ಎರಡನೇ ಸಲ ಅಂದರೆ ಆಟದಿಂದಲೇ ಹೊರಗೆ. ಹ್ಯಾಂಡಿಕ್ಯಾಪ್‌ಗೆ ಸ್ಕೋರ್ ಹಾಕುವ ರೌಂಡ್ ಕೂಡ ನಿಯಮದ ಪ್ರಕಾರವೇ ಆಡಬೇಕಾದ್ದು. ಇದನ್ನು ಬಹಳ ಜನ ಮರೆಯುತ್ತಾರೆ. ಹೊರಗೇ ಸ್ಲೋಪ್ ಸ್ವಿಚ್ ಇರುವ ಮಾದರಿಯಾದರೆ ಜೊತೆಯವರಿಗೂ ಕಾಣುತ್ತದೆ, ಮಾತು ಬರುವುದಿಲ್ಲ.

ಉಳಿದಂತೆ, ಭಾನುವಾರ ಬೆಳಗ್ಗೆ ಸ್ನೇಹಿತರ ಜೊತೆ ಕಾಫಿ ಪಂದ್ಯ ಅಂದರೆ ಸ್ಲೋಪ್ ಹಾಕಿಕೊಳ್ಳಿ. ಅದಕ್ಕೊಂದು ಒಳ್ಳೆಯ ಉಪಯೋಗವೂ ಇದೆ. ನಿಮ್ಮ ಕೋರ್ಸ್‌ನ ಹದಿನೆಂಟು ಹೋಲ್‌ಗಳಿಗೂ ಒಂದು ಪ್ರಾಕ್ಟೀಸ್ ರೌಂಡ್‌ನಲ್ಲಿ ಎತ್ತರದ ವ್ಯತ್ಯಾಸ ಬರೆದಿಟ್ಟುಕೊಳ್ಳಿ: ಇಲ್ಲಿಂದ +9, ಅಲ್ಲಿಂದ -6. ದಿಬ್ಬ ರಾತ್ರೋರಾತ್ರಿ ಬೆಳೆಯುವುದಿಲ್ಲ. ಟೂರ್ನಿ ದಿನ ಸ್ಲೋಪ್ ಆಫ್ ಮಾಡಿ, ಆ ಬರಹ ನೋಡಿ ಆಡಬಹುದು. ಅದಕ್ಕೆ ನಿಯಮದ ಅಡ್ಡಿಯಿಲ್ಲ.

ಕಣ್ಣಿನ ಭಯ ಬೇಡ. ಗಾಲ್ಫ್ ರೇಂಜ್‌ಫೈಂಡರ್‌ಗಳು ಸಾಮಾನ್ಯವಾಗಿ ಕ್ಲಾಸ್ 1 ಲೇಸರ್. ಅಂದರೆ ಮಾಮೂಲಿ ಬಳಕೆಯಲ್ಲಿ ಕಣ್ಣಿಗೆ ಹಾನಿಯಾಗದಷ್ಟು ದುರ್ಬಲ. ಯಂತ್ರದ ಮೇಲೋ ಪುಸ್ತಕದಲ್ಲೋ ಆ ಗುರುತು ಇದೆಯಾ ನೋಡಿಕೊಳ್ಳಿ. ಅಗ್ಗಕ್ಕೆ ಸಿಕ್ಕಿತು ಅಂತ ಹೆಸರಿಲ್ಲದ್ದು ತಂದಿದ್ದರೆ ಇನ್ನೂ ಮುಖ್ಯ. ಆದರೂ ಬೇಕಂತಲೇ ಯಾರ ಮುಖಕ್ಕೂ ಹಿಡಿಯುವುದು ಬೇಡ. ನಿಜವಾದ ಅಪಾಯ ನಿಮ್ಮ ಕಣ್ಣಿಗೇ ಇದೆ. ಸಂಜೆ ಪಶ್ಚಿಮಕ್ಕೆ ಆಡುವ ಹೋಲ್‌ಗಳಲ್ಲಿ ಆರು ಪಟ್ಟು ದೊಡ್ಡದು ಮಾಡುವ ಆ ಗಾಜಿನಿಂದ ಅಪ್ಪಿತಪ್ಪಿಯೂ ಸೂರ್ಯನ ಕಡೆ ನೋಡಬೇಡಿ.

ಡಿಸೆಂಬರ್ ಬೆಳಗಿನ ಮಂಜಿನಲ್ಲಿ, ಜೋರು ಮಳೆಯಲ್ಲಿ ಯಂತ್ರ ಗೆರೆ ಮಾತ್ರ ತೋರಿಸಿದರೆ ಗಾಬರಿಯಾಗಬೇಡಿ. ಬೆಳಕು ನೀರಹನಿಗೆ ಬಡಿದು ಚೆದುರುತ್ತದೆ. ಗಾಜು ಒರೆಸಿ ನೋಡಿ, ಆಗದಿದ್ದರೆ ಹತ್ತಿರದ ಬಂಕರ್‌ಗೆ ಹಿಡಿದು ಅಲ್ಲಿಂದ ಅಂದಾಜು ಮಾಡಿ. ಬಿಸಿಲಿನಲ್ಲೂ ಅಂಕಿ ಚಂಚಲವಾದರೆ ಮೊದಲು ಬ್ಯಾಟರಿ ಬದಲಾಯಿಸಿ. ಹಲವು ಮಾದರಿಗಳಿಗೆ ಸಿಆರ್2 ಅನ್ನುವ ಗಿಡ್ಡ ಬ್ಯಾಟರಿ ಬೇಕು. ಅದು ಬೀದಿಯ ಅಂಗಡಿಯಲ್ಲಿ ಸಿಗುವುದಿಲ್ಲ, ಇನ್ನೊಂದನ್ನು ಚೀಲದಲ್ಲಿ ಇಟ್ಟಿರಿ.

ಜಿಪಿಎಸ್ ವಾಚ್ ತಗೊಳ್ಳಲೇ ಅಂದಿರಿ. ಇದಕ್ಕೆ ಬದಲು ಅದು ಬೇಡ. ವಾಚ್ ನಿಮಗೆ ಗ್ರೀನ್‌ನ ಮುಂದು, ಮಧ್ಯ, ಹಿಂದು ಮೂರನ್ನೂ ಒಂದೇ ನೋಟಕ್ಕೆ ಕೊಡುತ್ತದೆ. ಮರದ ಹಿಂದೆ ನಿಂತು ಫ್ಲ್ಯಾಗ್ ಕಾಣದಿದ್ದರೂ ಕೊಡುತ್ತದೆ. ನಿಮ್ಮ ಮಟ್ಟದ ಆಟಕ್ಕೆ ಅದೇ ಹೆಚ್ಚು ಉಪಯೋಗ ಅಂತ ವಾದಿಸಬಹುದು, ನಾನೂ ಒಪ್ಪುತ್ತೇನೆ. ಆದರೆ ಇವತ್ತು ಪಿನ್ ಎಲ್ಲಿದೆ ಅಂತ ಅದಕ್ಕೆ ಗೊತ್ತಿಲ್ಲ. ಕೆಲವು ಯಾರ್ಡ್ ಆಚೀಚೆ ಇರುತ್ತದೆ. ಕ್ಲಬ್‌ನವರು ಗ್ರೀನ್ ಕಿತ್ತು ಹೊಸದಾಗಿ ಕಟ್ಟಿದ್ದರೆ ಅದರೊಳಗಿನ ನಕ್ಷೆ ಹಳೆಯದೇ ಇರಬಹುದು. ಮತ್ತೆ ದುಡ್ಡು ಖರ್ಚು ಮಾಡುವ ಮೊದಲು ಫೋನ್‌ನಲ್ಲಿ ಉಚಿತ ಗಾಲ್ಫ್ ಆಪ್ ಒಂದನ್ನು ಹಾಕಿಕೊಂಡು ಒಂದು ತಿಂಗಳು ನೋಡಿ. ಆಪ್‌ನಿಂದ ಮುಂದು ಹಿಂದು, ಲೇಸರ್‌ನಿಂದ ಪಿನ್ ಮತ್ತು ಬಂಕರ್. ಇಷ್ಟಕ್ಕೇ ಸಾಕಾಗಬಹುದು. ಮಗಳು ಕೊಟ್ಟದ್ದನ್ನು ಮಾರಬೇಕಾಗಿಯೂ ಇಲ್ಲ.

ಒಂದೇ ಒಂದು ಕೋರಿಕೆ. ಚೆಂಡಿನ ಹತ್ತಿರ ನಡೆದು ಹೋಗುವಾಗಲೇ, ಜೊತೆಯವರು ಹೊಡೆಯಲು ಸಿದ್ಧವಾಗುವಾಗಲೇ ಅಳೆದು ಮುಗಿಸಿ. ನಿಮ್ಮ ಸರದಿ ಬಂದಮೇಲೆ 40 ಸೆಕೆಂಡ್ ಒಳಗೆ ಹೊಡೆಯಬೇಕು ಅಂತ ನಿಯಮವೇ ಸಲಹೆ ಕೊಡುತ್ತದೆ. ಪಿನ್‌ಗೆ ಐದು ಸಲ ಹಿಡಿದು, ಸ್ಲೋಪ್ ಹಾಕಿ, ತೆಗೆದು, ಕ್ಯಾಡಿ ಜೊತೆ ವಾದ ಮಾಡಿ ಆಮೇಲೆ ಬಂಕರ್‌ಗೆ ಹೊಡೆಯುವವರ ಹಿಂದಿನ ಗುಂಪಿನಲ್ಲಿ ನಾನೇ ಎಷ್ಟೋ ಸಲ ಕಾದು ನಿಂತಿದ್ದೇನೆ!

ಮುಂದಿನ ವಾರ ಆ ಹೋಲ್‌ಗೆ ಹೋದಾಗ ಯಂತ್ರವನ್ನು ಕ್ಯಾಡಿಯ ಕೈಗೇ ಕೊಡಿ. ಅವರು ಬಂಕರ್ ಅಂಚಿಗೆ ಹಿಡಿಯಲಿ, ನೀವು 150 ಹೇಗೆ ಬಂತು ಅಂತ ಅವರನ್ನು ಕೇಳಿ. ಆಮೇಲೆ ಚೀಲದಿಂದ ಹೈಬ್ರಿಡ್ ತೆಗೆಯಿರಿ. ಅವರೇನು ಅಂದರು ಅಂತ ನನಗೂ ಬರೆದು ತಿಳಿಸಿ.